ಪಶ್ಚಿಮಕ್ಕೆ ಸರಿದ ದೇಶ

ಹೊಲದ ಬಾಂದುಕಲ್ಲನ್ನು ರಾತ್ರೋರಾತ್ರಿ ಕಿತ್ತು ನಾಲ್ಕು ಮಾರು ಆಚೆ ನೆಟ್ಟವನ ಮೇಲೆ ವ್ಯಾಜ್ಯ ಹೂಡಲು ನ್ಯಾಯಾಲಯವಿದೆ. ದೇಶಗಳ ಮಾತು ಬೇರೆ. ಅಲ್ಲಿ ಕಲ್ಲು ಕಿತ್ತವರೇ ಬಹುಮಟ್ಟಿಗೆ ನ್ಯಾಯಾಧೀಶರೂ ಆಗಿರುತ್ತಾರೆ. ಯೂರೋಪಿನಲ್ಲಿ ಇದನ್ನು ಪೋಲೆಂಡಿನಷ್ಟು ಕಂಡುಂಡ ದೇಶ ಇನ್ನೊಂದಿರಲಾರದು. 1938ರ ಭೂಪಟವನ್ನೂ 1946ರ ಭೂಪಟವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡಾಗಲೆಲ್ಲ ನನಗೆ ಅಚ್ಚರಿಯಾಗುತ್ತದೆ. ಹೆಸರು ಅದೇ, ರಾಜಧಾನಿ ಅದೇ. ದೇಶ ಮಾತ್ರ ಮಲಗಿದಲ್ಲೇ ಮಗ್ಗುಲಾದವನಂತೆ ಪಶ್ಚಿಮಕ್ಕೆ ಸರಿದಿದೆ. ಪೂರ್ವದಲ್ಲಿ ಸುಮಾರು 1,80,000 ಚದರ ಕಿಲೋಮೀಟರ್ ನೆಲ ಹೋಯಿತು. ಪಶ್ಚಿಮ ಮತ್ತು ಉತ್ತರಗಳಲ್ಲಿ ಸುಮಾರು 1,03,000 ಚದರ ಕಿಲೋಮೀಟರ್ ಬಂತು.

ಪೋಲೆಂಡ್ ಬಯಲು ದೇಶ. ದಕ್ಷಿಣಕ್ಕೆ ಬೆಟ್ಟಗಳಿವೆ, ಉತ್ತರಕ್ಕೆ ಬಾಲ್ಟಿಕ್ ಸಮುದ್ರವಿದೆ; ಪೂರ್ವ ಪಶ್ಚಿಮಗಳಿಗೆ ಮಾತ್ರ ಬಾಗಿಲೂ ಇಲ್ಲ, ಅಗಳಿಯೂ ಇಲ್ಲ. 1772, 1793 ಮತ್ತು 1795ರಲ್ಲಿ ನೆರೆಯ ಚಕ್ರಾಧಿಪತ್ಯಗಳು ಅದನ್ನು ಮೂರು ಕಂತುಗಳಲ್ಲಿ ಹಂಚಿಕೊಂಡವು. ರಷ್ಯ ಮತ್ತು ಪ್ರಷ್ಯಗಳು ಮೂರು ಸಲವೂ ಪಾಲು ಪಡೆದವು. ಆಸ್ಟ್ರಿಯ ಎರಡನೆಯ ಸಲ ಹೊರಗುಳಿಯಿತು. ಅನಂತರ 123 ವರ್ಷ ಸ್ವತಂತ್ರ ಪೋಲೆಂಡ್ ಇರಲಿಲ್ಲ. ಆ ಕಾಲವನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ; ನಾನು ಮುಂದಕ್ಕೆ ಹೋಗುತ್ತೇನೆ.

1918ರಲ್ಲಿ ದೇಶವೇನೋ ಮರಳಿ ಹುಟ್ಟಿತು. ಅದರ ಎಲ್ಲೆ ಯಾವುದೆಂದು ಹೇಳಬಲ್ಲವರಿರಲಿಲ್ಲ. ಜನ ಯಾವ ರಾಷ್ಟ್ರಕ್ಕೆ ಸೇರಿದವರೋ ಗಡಿಯೂ ಅದಕ್ಕೆ ತಕ್ಕಂತೆ ಇರಲಿ ಎಂಬುದು ಅಂದಿನ ಹೊಸ ನೀತಿ. ಕೆಲವೆಡೆ ಜನಮತ ಸಂಗ್ರಹವೂ ನಡೆಯಿತು. ಮೇಲಣ ಸೈಲೀಷಿಯದಲ್ಲಿ 1921ರ ಮಾರ್ಚಿನಲ್ಲಿ ನೂರಕ್ಕೆ ಸುಮಾರು 60 ಮಂದಿ ಜರ್ಮನಿಗೂ 40 ಮಂದಿ ಪೋಲೆಂಡಿಗೂ ಮತವಿತ್ತರು. ಗಣಿಗಳೂ ಕಾರ್ಖಾನೆಗಳೂ ಒತ್ತಾಗಿದ್ದ ಆ ಸೀಮೆಯನ್ನು ರಾಷ್ಟ್ರಸಂಘದ ತೀರ್ಮಾನದಂತೆ ಎರಡಾಗಿ ಸೀಳಲಾಯಿತು.

ಪೂರ್ವದಲ್ಲಿ ಯಾರ ಮತವನ್ನೂ ಕೇಳಲಿಲ್ಲ. ಅಲ್ಲಿ 1920ರಲ್ಲಿ ಒಂದು ಗೆರೆಯನ್ನು ಸೂಚಿಸಿ ಸೋವಿಯತ್ ಸರಕಾರಕ್ಕೆ ತಂತಿ ಕಳುಹಿಸಿದವನು ಬ್ರಿಟನ್ನಿನ ವಿದೇಶಾಂಗ ಸಚಿವ ಕರ್ಜನ್, 1905ರಲ್ಲಿ ಬಂಗಾಳವನ್ನು ಒಡೆದ ನಮ್ಮ ಹಳೆಯ ವೈಸರಾಯ್. ಮಿತ್ರರಾಷ್ಟ್ರಗಳ ಮಂಡಲಿ ಹಿಂದಿನ ವರ್ಷವೇ ಗುರುತಿಸಿದ್ದ ಗೆರೆ ಅದು. ಹೆಸರು ಮಾತ್ರ ಅವನಿಗೆ ಅಂಟಿತು. ಆದರೆ ಆ ಆಗಸ್ಟಿನಲ್ಲಿ ವಾರ್ಸಾದ ಹೊಸ್ತಿಲಿನವರೆಗೆ ಬಂದಿದ್ದ ಕೆಂಪು ಸೇನೆ ಸೋತು ಹಿಮ್ಮೆಟ್ಟಿತು. 1921ರ ಮಾರ್ಚ್ 18ರ ರೀಗಾ ಕೌಲಿನಲ್ಲಿ ಪೋಲೆಂಡ್ ಕರ್ಜನ್ ರೇಖೆಯಿಂದ ಬಹುದೂರ, ಕೆಲವೆಡೆ 200 ಕಿಲೋಮೀಟರಿಗೂ ಆಚೆ, ತನ್ನ ಕಲ್ಲು ನೆಟ್ಟಿತು. ಪೋಲೆಂಡನ್ನು ಸದಾ ಅನ್ಯಾಯಕ್ಕೊಳಗಾದ ದೇಶವೆಂದೇ ಬಣ್ಣಿಸುವವರು ಈ ಅಧ್ಯಾಯವನ್ನು ಬೇಗ ಮಗುಚಿಬಿಡುತ್ತಾರೆ. ಹಾಗೆ ಪಡೆದ ನೆಲದ ಹಳ್ಳಿಗಾಡಿನಲ್ಲಿ ಇದ್ದವರು ಹೆಚ್ಚಾಗಿ ಉಕ್ರೇನಿಯನರು ಮತ್ತು ಬೆಲರೂಸಿಯನರು. ರೀಗಾದಲ್ಲಿ ಅವರ ನಾಡನ್ನೂ ಎರಡು ಪಾಲು ಮಾಡಿ ಹಂಚಿಕೊಂಡರು.

ಆ ಗಡಿ ಬಾಳಿದ್ದು 18 ವರ್ಷ. 1939ರ ಆಗಸ್ಟ್ 23ರಂದು ಹಿಟ್ಲರನ ಮತ್ತು ಸ್ಟಾಲಿನನ ಮಂತ್ರಿಗಳು ಮಾಸ್ಕೋದಲ್ಲಿ ಸಹಿ ಹಾಕಿದ ಗುಪ್ತ ಒಡಂಬಡಿಕೆಯಂತೆ ಸೆಪ್ಟೆಂಬರಿನಲ್ಲಿ ದೇಶವನ್ನು ಎರಡು ಕಡೆಯಿಂದಲೂ ಆಕ್ರಮಿಸಿದರು. ಹೀಗೆ ಸಿಕ್ಕಿದ ಪೂರ್ವಾರ್ಧವನ್ನು ಸ್ಟಾಲಿನ್ ಮತ್ತೆ ಕೈಬಿಡಲಿಲ್ಲ. 1943ರ ನವೆಂಬರಿನ ಕೊನೆಗೆ ತೆಹರಾನಿನಲ್ಲಿ, ರಾತ್ರಿಯೂಟವಾದ ಮೇಲೆ, ಚರ್ಚಿಲ್ ಮೂರು ಬೆಂಕಿಕಡ್ಡಿಗಳನ್ನು ಮೇಜಿನ ಮೇಲಿಟ್ಟು ಪೋಲೆಂಡನ್ನು ಪಶ್ಚಿಮಕ್ಕೆ ಹೇಗೆ ಸರಿಸಬಹುದೆಂದು ಸ್ಟಾಲಿನನಿಗೆ ತೋರಿಸಿದನು. ಇದನ್ನು ಬರೆದಿಟ್ಟವನು ಚರ್ಚಿಲನೇ. ಪೋಲೆಂಡಿನವರು ಯಾರೂ ಆ ಕೋಣೆಯಲ್ಲಿರಲಿಲ್ಲ. ಲಂಡನ್ನಿನಲ್ಲಿದ್ದ ಅವರ ದೇಶಾಂತರ ಸರಕಾರದ ಒಪ್ಪಿಗೆಯನ್ನೂ ಕೇಳಿರಲಿಲ್ಲ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಕರ್ಜನ್ ರೇಖೆಯೇ, ಅಲ್ಲಲ್ಲಿ ಐದೆಂಟು ಕಿಲೋಮೀಟರುಗಳ ರಿಯಾಯಿತಿಯೊಡನೆ, ಪೂರ್ವದ ಗಡಿಯಾಯಿತು. ಆಗಸ್ಟಿನಲ್ಲಿ ಪಾಟ್ಸ್‌ಡಾಮಿನಲ್ಲಿ ಓಡರ್ ಮತ್ತು ನೈಸೆ ನದಿಗಳವರೆಗಿನ ಜರ್ಮನಿಯ ನೆಲವನ್ನು ಪೋಲೆಂಡಿನ ಆಡಳಿತಕ್ಕೆ ಒಪ್ಪಿಸಿದರು.

1919ರಲ್ಲಿ ಜನ ಇರುವೆಡೆಗೆ ಗೆರೆಯನ್ನು ಎಳೆಯಲು, ಅರೆಬರೆಯಾಗಿಯಾದರೂ, ಯತ್ನಿಸಿದ್ದರು. 1945ರಲ್ಲಿ ಗೆರೆಯನ್ನು ಮೊದಲು ಎಳೆದು ಜನರನ್ನು ಅದರ ಈಚೆಗೆ, ಆಚೆಗೆ ಸಾಗಿಸಿದರು. ನನ್ನ ಎಣಿಕೆಯಲ್ಲಿ ಆ ಶತಮಾನದ ಗಡಿಗಳ ಕಥೆಯ ಮುಖ್ಯ ತಿರುವು ಇದು. ಓಡರ್ ನದಿಯ ಪೂರ್ವದಲ್ಲಿ ಉಳಿದಿದ್ದ 30 ಲಕ್ಷಕ್ಕೂ ಹೆಚ್ಚು ಜರ್ಮನರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಸೋವಿಯತ್ ನೆಲದಿಂದ 10 ಲಕ್ಷಕ್ಕೂ ಹೆಚ್ಚು ಪೋಲರು ಈಚೆಗೆ ಬಂದರು. ಪೋಲೆಂಡಿನಲ್ಲಿದ್ದ ಉಕ್ರೇನಿಯನರಲ್ಲಿ ಸುಮಾರು 4,80,000 ಮಂದಿ ಆಚೆಗೆ ಹೋದರು.

ಲ್ವೂಫ್ ನಗರವನ್ನೇ ನೋಡಿ. 1900ರಲ್ಲಿ ಅಲ್ಲಿ ಹುಟ್ಟಿದವನೊಬ್ಬ ಮನೆ ಬದಲಿಸದೆಯೇ ಆಸ್ಟ್ರಿಯದ, ಪೋಲೆಂಡಿನ, ಸೋವಿಯತ್ ಒಕ್ಕೂಟದ, ಜರ್ಮನಿಯ, ಮತ್ತೆ ಸೋವಿಯತ್ ಒಕ್ಕೂಟದ ಆಳ್ವಿಕೆಗಳನ್ನು 44 ವರ್ಷದೊಳಗೆ ಕಾಣಬಹುದಾಗಿತ್ತು. ಇಂದು ಅದು ಉಕ್ರೇನಿನ ಲ್ವಿವ್. ಯುದ್ಧಾನಂತರ ಅಲ್ಲಿನ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಲ್ಲಿ ಅನೇಕರು ಬ್ರೆಸ್ಲಾವ್ ಎಂಬ ಜರ್ಮನ್ ಹೆಸರನ್ನು ಆಗತಾನೆ ಕಳೆದುಕೊಂಡಿದ್ದ ವ್ರೊತ್ಸ್ವಾಫ್ ನಗರಕ್ಕೆ ಬಂದು ಪಾಠ ಮುಂದುವರಿಸಿದರು. ಪುಸ್ತಕ ಭಂಡಾರದ ಒಂದು ಪಾಲೂ ಬಂತು. ನಾಟಕಕಾರ ಫ್ರೆಡ್ರೋನ ಪ್ರತಿಮೆ ಕೂಡ ಹಿಂದೆಯೇ ಬಂದು, 1956ರಲ್ಲಿ ಪ್ರಷ್ಯದ ಅರಸನ ಪ್ರತಿಮೆ ನಿಂತಿದ್ದ ಜಾಗದಲ್ಲಿ ಕುಳಿತಿತು. ಹೊಸದಾಗಿ ಬಂದವರಿಗೆ ಮಾತ್ರ ಆ ಊರು ಬಹುಕಾಲ ತಮ್ಮದೆನಿಸಲಿಲ್ಲ. ಜರ್ಮನರು ಮರಳಿ ಬಂದಾರೆಂಬ ಅಂಜಿಕೆಯಿಂದ ಗಂಟುಮೂಟೆ ಬಿಚ್ಚದೆ ಬದುಕಿದವರಿದ್ದರು.

ಈ ಕಥೆಯ ಒಂದು ಎಳೆ ನಮ್ಮ ನೆರೆಗೂ ಬಂದಿದೆ. 1940-41ರಲ್ಲಿ ಪೂರ್ವ ಪೋಲೆಂಡಿನಿಂದ ಲಕ್ಷಾಂತರ ಮಂದಿಯನ್ನು ಸೋವಿಯತ್ ಸರಕಾರ ಸೈಬೀರಿಯಕ್ಕೂ ಕಜಾಕ್‌ಸ್ತಾನಕ್ಕೂ ಸಾಗಿಸಿತು. ಜರ್ಮನಿ ರಷ್ಯದ ಮೇಲೆ ಬಿದ್ದ ಮೇಲೆ ಅವರಲ್ಲಿ ಕೆಲವರಿಗೆ ಬಿಡುಗಡೆಯಾಗಿ, 1942ರಲ್ಲಿ ಇರಾನಿನ ಹಾದಿ ಹಿಡಿದರು. ಅಂಥವರಲ್ಲಿ ಸುಮಾರು 5,000 ಮಂದಿ, ಬಹುಪಾಲು ಹೆಂಗಸರು ಮತ್ತು ಮಕ್ಕಳು, ನಿಪ್ಪಾಣಿಯಿಂದಾಚೆ ಕೊಲ್ಲಾಪುರದ ಬಳಿಯ ವಳಿವಡೆಯ ಶಿಬಿರದಲ್ಲಿ 1943ರಿಂದ 1948ರವರೆಗೆ ಇದ್ದರು. ಯುದ್ಧ ಮುಗಿಯಿತು, ತಮ್ಮವರ ಕಡೆಯೇ ಗೆದ್ದಿತು. ಆದರೆ ಅವರು ಬಿಟ್ಟುಬಂದ ಊರುಗಳು ಆಗ ಪೋಲೆಂಡಿನಲ್ಲಿರಲಿಲ್ಲ. ಕೆಲವರು ಹೊಸ ಪೋಲೆಂಡಿಗೆ ಹೋದರು. ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡಗಳ ದಾರಿ ಹಿಡಿದರು. ಅವರು ತೆರವು ಮಾಡಿದ ಬಿಡಾರಗಳಿಗೆ ನಮ್ಮದೇ ವಿಭಜನೆಯಲ್ಲಿ ನೆಲೆ ಕಳೆದುಕೊಂಡ ಸಿಂಧಿಗಳು ಬಂದರು. ಆ ಜಾಗ ಇಂದಿನ ಗಾಂಧಿನಗರ.

ಗೆರೆ ಎಳೆದ ಮೇಲೂ ಕಾಗದಪತ್ರ ಮುಗಿಯಲಿಲ್ಲ. ಓಡರ್-ನೈಸೆ ಗಡಿಯನ್ನು 1950ರಲ್ಲಿ ಪೂರ್ವ ಜರ್ಮನಿ ಒಪ್ಪಿತು. ಪಶ್ಚಿಮ ಜರ್ಮನಿ 1970ರ ಡಿಸೆಂಬರಿನಲ್ಲಿ ವಾರ್ಸಾದಲ್ಲಿ ಸಹಿ ಹಾಕಿತಾದರೂ, ಕೊನೆಯ ಮಾತು ಶಾಂತಿ ಕೌಲಿನದು ಎಂಬ ತಕರಾರಿಗೆ ಎಡೆ ಉಳಿದಿತ್ತು. ಒಂದಾದ ಜರ್ಮನಿ 1990ರ ನವೆಂಬರ್ 14ರಂದು ಸಹಿ ಮಾಡಿದ ಮೇಲೆ ಆ ತಕರಾರು ತೀರಿತು.

ಪೂರ್ವದಲ್ಲಿ ಮನಸ್ಸನ್ನು ಒಗ್ಗಿಸಬೇಕಾದವರು ಪೋಲರೇ. ಪ್ಯಾರಿಸಿನ ಬಳಿ ನೆಲೆಸಿ ‘ಕುಲ್ತೂರಾ’ ಎಂಬ ಪತ್ರಿಕೆ ನಡೆಸುತ್ತಿದ್ದ ಯೆಜಿ ಗೆದ್ರೊಯ್ಚ್ ಎಂಬವರು, ಲ್ವೂಫ್ ಉಕ್ರೇನಿನದು, ವಿಲ್ನೊ ಲಿಥುವೇನಿಯದ್ದು ಎಂದು ಒಪ್ಪಬೇಕೆಂಬ ಪತ್ರವೊಂದನ್ನು 1952ರಲ್ಲೇ ಅಚ್ಚುಮಾಡಿದರು. ಊರು ಕಳೆದುಕೊಂಡ ಓದುಗರು ಸಿಟ್ಟಾದರು, ಸಿಟ್ಟು ಸಹಜವೇ. ಗೆದ್ರೊಯ್ಚ್ ಹಟ ಬಿಡಲಿಲ್ಲ, ಹುಟ್ಟಿದ್ದು ಮಿನ್ಸ್ಕಿನಲ್ಲಾದರೂ. 1991ರ ಡಿಸೆಂಬರ್ 1ರಂದು ಉಕ್ರೇನಿನ ಜನ ಸ್ವಾತಂತ್ರ್ಯಕ್ಕೆ ಮತವಿತ್ತರು. ಮರುದಿನವೇ ಅವರಿಗೆ ಮನ್ನಣೆಯಿತ್ತ ದೇಶ ಪೋಲೆಂಡ್. 2022ರ ಫೆಬ್ರವರಿಯಲ್ಲಿ ರಷ್ಯದ ಸೇನೆ ಉಕ್ರೇನಿಗೆ ನುಗ್ಗಿದಾಗ ಲಕ್ಷಗಟ್ಟಲೆ ಹೆಂಗಸರು ಮಕ್ಕಳು ಲ್ವಿವ್‌ನಿಂದ ರೈಲು ಹತ್ತಿ, ಯಾಲ್ಟಾದಲ್ಲಿ ಒಪ್ಪಿದ ಅದೇ ಗೆರೆಯನ್ನು ದಾಟಿ, ಈಚೆಯ ಪೋಲಿಷ್ ಊರುಗಳಲ್ಲಿ ಇಳಿದರು.