ಮೈ ಇಳಿಸಲು ಕಾಳು ಬಿಡಬೇಕೇ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಸಂಘಗಳ ಸಭೆಗೆ ಹೋದಾಗ, ಸಾಲ-ಉಳಿತಾಯದ ಲೆಕ್ಕ ಮುಗಿದ ಮೇಲೆ ಯಾರಾದರೂ ಕೇಳುತ್ತಾರೆ: “ಸಿಸ್ಟರ್, ಬೊಜ್ಜು ಕರಗಬೇಕಂದ್ರ ಕಾಳು ಬಿಡಬೇಕೇನ್ರೀ?” ಒಬ್ಬ ತಾಯಿ ಕಾಳನ್ನೂ ಬಿಟ್ಟು, ರಾತ್ರಿ ಊಟವನ್ನೂ ಬಿಟ್ಟಿದ್ದರು. ಕಳೆ ತೆಗೆಯುವಾಗ ತಲೆ ಸುತ್ತಿ ಹೊಲದಲ್ಲೇ ಕುಳಿತುಬಿಟ್ಟರು.

ಕಾಳು ಬಿಡಬೇಡಿರಿ. ಕಾಳು ತಾನಾಗಿ ಬೊಜ್ಜು ಕರಗಿಸುವ ಔಷಧವಲ್ಲ, ನಿಜ. ಆದರೆ 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 20ರಿಂದ 25 ಗ್ರಾಂ ಪ್ರೋಟೀನು, ಜೊತೆಗೆ ನಾರು ಇದೆ. ಅದರಿಂದ ಹೊಟ್ಟೆ ಬೇಗ ಹಸಿಯುವುದಿಲ್ಲ. ತೂಕ ಇಳಿಯುವಾಗ ದುಡಿಯುವ ಶಕ್ತಿಯೂ ಉಳಿಯುತ್ತದೆ.

ಹಾಗಾದರೆ ನಾವು ಎಡವುವುದು ಎಲ್ಲಿ? ಒಲೆಯ ಮುಂದೆ. ನಮ್ಮ ಎರಿ ಹೊಲದಲ್ಲಿ ಬೆಳೆದ ಅದೇ ಕಡಲೆ ಉಸುಳಿಯಾದರೆ ಒಳ್ಳೆಯದು. ಎಣ್ಣೆಯಲ್ಲಿ ಕರಿದ ಭಜಿಯಾದರೆ, ಬೆಲ್ಲ ಸೇರಿ ಹೋಳಿಗೆಯಾದರೆ ಲೆಕ್ಕ ಬೇರೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ. ಶೇಂಗಾ ಕೂಡ ಇದೇ ಜಾತಿಯದು, ಆದರೆ ಅದರ ಅರ್ಧದಷ್ಟು ಎಣ್ಣೆಯೇ. ಶೇಂಗಾ ಚಟ್ನಿ ಒಂದು ಚಮಚ ಸಾಕು.

ಇನ್ನೊಂದು ಮಾತು. ಮೂರು ರೊಟ್ಟಿ ಹಾಗೇ ಉಂಡು ಮೇಲೆ ಕಾಳು ಸೇರಿಸಿದರೆ ತೂಕ ಇಳಿಯದು. ಒಂದು ರೊಟ್ಟಿ ತೆಗೆದು, ಆ ಜಾಗಕ್ಕೆ ಒಂದು ವಾಟಗಾ ಹೆಸರು, ಮಡಕಿ ಇಲ್ಲವೇ ಹುರಳಿ ಕಾಳಿನ ಪಲ್ಯ, ಹಸಿ ಸೌತೆಕಾಯಿ, ಮೆಂತ್ಯೆ ಸೊಪ್ಪು ಇಡಿರಿ. ಹೊಟ್ಟೆ ಉಬ್ಬರ ಆಗುವವರು ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿರಿ.

ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು, ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಊಟ ಬದಲಿಸಿರಿ. ಬಸುರಿ-ಬಾಣಂತಿಯರು ತೂಕ ಇಳಿಸಲು ಹೋಗಬಾರದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ, 2000 ಕ್ಯಾಲೊರಿಯ ಊಟ ಮಾಡುವವರಿಗೆ ದಿನಕ್ಕೆ 85 ಗ್ರಾಂ ಕಾಳು-ಬೇಳೆ ಅಥವಾ ತತ್ತಿ-ಮಾಂಸ ಇರಲಿ ಎಂದಿದೆ. ನಮ್ಮ ಪಾಲಿಗೆ ಅಷ್ಟು ಬರುತ್ತದೆಯೇ? ಗಂಡ-ಮಕ್ಕಳು ಉಂಡ ಮೇಲೆ ಗಡಿಗೆಯ ತಳದ ತಿಳಿಸಾರು, ಉಳಿದ ರೊಟ್ಟಿ, ಅದೇ ನಮ್ಮ ಊಟ. ಕಾಳು ಇಲ್ಲದ ಹೊಟ್ಟೆಯನ್ನು ರೊಟ್ಟಿ-ಚಹಾದಿಂದ ತುಂಬಿದರೆ ಮೈ ಬರುತ್ತದೆ, ಶಕ್ತಿ ಬರುವುದಿಲ್ಲ.

ಆದ್ದರಿಂದ ಇಂದಿನಿಂದ ಬಡಿಸುವ ಮೊದಲೇ ನಿಮ್ಮ ವಾಟಗಾ ಕಾಳು ಬೇರೆ ತೆಗೆದಿಡಿರಿ. ಸುಗ್ಗಿಯಲ್ಲಿ ಸಂಘದವರೆಲ್ಲ ಕೂಡಿ ಕಾಳು ಕೊಂಡು ಹಂಚಿಕೊಳ್ಳಿರಿ. ಮುಂದಿನ ಸಭೆಯಲ್ಲಿ ನಾನು ಉಳಿತಾಯದ ಪುಸ್ತಕದ ಜೊತೆ ಇದನ್ನೂ ಕೇಳುತ್ತೇನೆ: “ನಿನ್ನ ಪಾಲಿನ ಕಾಳು ಉಂಡೇನವಾ?”