‘ಮತ್ತು ಸಂಗಡಿಗರು’ ಅಂದ್ರೆ ಯಾರು? ಲ್ಯಾಟಿನ್ ಗ್ರ್ಯಾಮಿಯಿಂದ ನಾಲತವಾಡದ ಭಜನಿ ಮೇಳದ ತನಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನಾಲತವಾಡದಿಂದ ಮಾತಾಡ್ತಿದ್ದೀನಿ. ಎಂದಿನಂತೆ ಗೋಡೆಗೆ ಅಜ್ಜಿ ಹೊಲಿದ ಎರಡು ಕೌದಿ ಕಟ್ಟೀನಿ, ಫ್ಯಾನ್ ಬಂದ್ ಮಾಡೀನಿ. ನಡುವೆ ಟ್ರ್ಯಾಕ್ಟರ್ ಸಪ್ಪಳ ಕೇಳಿಸಿದ್ರೆ ಹೊಟ್ಟಿಗೆ ಹಾಕ್ಕೊಳ್ರಿ, ಬಿಳಿಜೋಳದ ರಾಶಿ ನಡದದ.

ಇವತ್ತಿನ ವಿಷಯ ಕೇಳಿದ್ರೆ ಕೆಲವರು ನಗಬಹುದು. ಲ್ಯಾಟಿನ್ ಗ್ರ್ಯಾಮಿ ಪ್ರಶಸ್ತಿ, ಅದರಲ್ಲೂ ‘ವರ್ಷದ ಆಲ್ಬಮ್’ ಅನ್ನೋ ವಿಭಾಗ. ನಮಗೂ ಅದಕ್ಕೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳ್ರಿ. ಇದು ಕಡೆಗೆ ನಮ್ಮ ಮಾಮಾನ ಒಂದು ಹಳೆ ಕ್ಯಾಸೆಟ್‌ಗೆ ಬಂದು ನಿಲ್ಲುತ್ತೆ.

ಮೊದಲು ಪ್ರಶಸ್ತಿ ಏನು ಅಂತ ನೋಡೋಣ. ಅಮೆರಿಕದಲ್ಲಿ ಗ್ರ್ಯಾಮಿ ಮೊದಲಿಂದಲೂ ಇತ್ತು. ಆದ್ರೆ ಸ್ಪ್ಯಾನಿಷ್, ಪೋರ್ಚುಗೀಸ್ ಹಾಡುಗಳಿಗೆ ಅಲ್ಲಿ ಸಿಗ್ತಾ ಇದ್ದದ್ದು ಒಂದು ಮೂಲೆ ಮಾತ್ರ. ಅದಕ್ಕೇ 1997ರಲ್ಲಿ ಲ್ಯಾಟಿನ್ ರೆಕಾರ್ಡಿಂಗ್ ಅಕಾಡೆಮಿ ಅಂತ ಬೇರೆ ಸಂಸ್ಥೆ ಹುಟ್ಟಿತು. 2000ನೇ ಇಸವಿ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಸಮಾರಂಭ ಆಯ್ತು. ಆ ವರ್ಷದ ಆಲ್ಬಮ್ ಪ್ರಶಸ್ತಿ ಮೆಕ್ಸಿಕೊದ ಗಾಯಕ ಲೂಯಿಸ್ ಮಿಗೆಲ್‌ಗೆ. ಮರುವರ್ಷ ಸಮಾರಂಭ ಇಟ್ಟಿದ್ದು 2001ರ ಸೆಪ್ಟೆಂಬರ್ 11ಕ್ಕೆ. ಅವತ್ತು ಅಮೆರಿಕದಲ್ಲಿ ಏನಾಯ್ತು ಅಂತ ನಿಮಗೆ ಗೊತ್ತು, ಸಮಾರಂಭ ರದ್ದಾಯ್ತು.

ಈ ಪ್ರಶಸ್ತಿ ನಿರ್ಧಾರ ಆಗೋದು ವ್ಯೂಸ್ ನೋಡಿ ಅಲ್ಲ, ಮಾರಾಟ ನೋಡಿನೂ ಅಲ್ಲ. ಹಾಡೋರು, ಬರೆಯೋರು, ರೆಕಾರ್ಡಿಂಗ್ ಮಾಡೋರು, ಹೀಗೆ ಅದೇ ಕಸುಬಿನವರು ಸದಸ್ಯರಾಗಿರ್ತಾರೆ, ಅವರೇ ಮತ ಹಾಕ್ತಾರೆ. ಹಂಗಂತ ಜಗಳ ಇಲ್ಲ ಅಂತ ತಿಳ್ಕೋಬ್ಯಾಡ್ರಿ. ಎರಡು ಜಗಳ ಹೇಳ್ತೀನಿ.

2011ರಲ್ಲಿ ಮೂಲ ಗ್ರ್ಯಾಮಿಯವರು ವಿಭಾಗಗಳು ಜಾಸ್ತಿ ಆದವು ಅಂತ 109 ಇದ್ದದ್ದನ್ನ 78ಕ್ಕೆ ಇಳಿಸಿದ್ರು. ಅದರಲ್ಲಿ ಲ್ಯಾಟಿನ್ ಜಾಝ್ ಆಲ್ಬಮ್ ವಿಭಾಗನೂ ಹೋಯ್ತು. ನ್ಯೂಯಾರ್ಕ್‌ನ ಡ್ರಮ್ ಕಲಾವಿದ ಬಾಬಿ ಸನಾಬ್ರಿಯಾ ಮತ್ತೆ ಅವರ ಜೊತೆಗಾರರು ಸುಮ್ಮನೆ ಕೂಡಲಿಲ್ಲ. ಬೀದಿಗಿಳಿದ್ರು, ಕೋರ್ಟಿಗೂ ಹೋದ್ರು. 2012ರಲ್ಲಿ ಆ ವಿಭಾಗ ವಾಪಸ್ ಬಂತು. ಎರಡನೇದು 2019ರದ್ದು. ರೆಗೆಟಾನ್ ಅಂದ್ರೆ ನಮ್ಮ ಡಿಜೆ ಹಾಡಿದ್ದಂಗ, ಯುವಕರ ಸಂಗೀತ. ಲ್ಯಾಟಿನ್ ಗ್ರ್ಯಾಮಿಯ ದೊಡ್ಡ ವಿಭಾಗಗಳಲ್ಲಿ ನಮ್ಮನ್ನ ಬಿಟ್ಟೀರಿ ಅಂತ ಡ್ಯಾಡಿ ಯಾಂಕಿ, ಜೆ ಬಾಲ್ವಿನ್ ಥರದವರು ಬಹಿರಂಗವಾಗಿ ಸಿಟ್ಟು ಮಾಡಿದ್ರು. ಮರುವರ್ಷ ರೆಗೆಟಾನ್‌ಗೆ ಪ್ರತ್ಯೇಕ ಪ್ರಶಸ್ತಿ ಬಂತು.

ಆಮೇಲೆ ಏನಾಯ್ತು ನೋಡ್ರಿ. 2025ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ‘ವರ್ಷದ ಆಲ್ಬಮ್’ ಪ್ರಶಸ್ತಿ ಗೆದ್ದಿದ್ದು ಅದೇ ರೆಗೆಟಾನ್‌ನಿಂದ ಬೆಳೆದು ಬಂದ ಬ್ಯಾಡ್ ಬನ್ನಿ. ಪೋರ್ಟೊ ರಿಕೊ ದ್ವೀಪದ ಹುಡುಗ, ಹಿಂದೆ ಸೂಪರ್‌ಮಾರ್ಕೆಟ್‌ನಲ್ಲಿ ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬ್ತಿದ್ದವನು. 2026ರ ಫೆಬ್ರವರಿಯಲ್ಲಿ ಮೂಲ ಗ್ರ್ಯಾಮಿಯಲ್ಲೂ ಅದೇ ಆಲ್ಬಮ್ ವರ್ಷದ ಆಲ್ಬಮ್ ಆಯ್ತು. ಪೂರ್ತಿ ಸ್ಪ್ಯಾನಿಷ್‌ನಲ್ಲಿರೋ ಆಲ್ಬಮ್‌ಗೆ ಅಲ್ಲಿ ಆ ಪ್ರಶಸ್ತಿ ಅದೇ ಮೊದಲು.

ಆ ಆಲ್ಬಮ್ ಹೆಸರಿನ ಅರ್ಥ ‘ಇನ್ನೂ ಹೆಚ್ಚು ಫೋಟೊ ತೆಗೀಬೇಕಿತ್ತು’ ಅಂತ. ಕೈಬಿಟ್ಟು ಹೋದದ್ದರ ಹಳಹಳಿ ಅದು. ನನ್ನನ್ನ ಹಿಡಿದು ನಿಲ್ಲಿಸಿದ್ದು ಈ ಹೆಸರು, ಮತ್ತೆ ಇನ್ನೊಂದು ವಿಷಯ. ಇಷ್ಟು ದೊಡ್ಡ ಸ್ಟಾರ್ ತನ್ನ ಊರಿನ ಪ್ಲೇನಾ ಅನ್ನೋ ಹಳೆ ಹಾಡಿನ ಪದ್ಧತಿಯನ್ನ ಆಲ್ಬಮ್‌ಗೆ ತಂದ. ಪ್ಲೇನಾ ಅಂದ್ರೆ ಕೈಯಲ್ಲಿ ಹಿಡಿಯೋ ದಪ್ಪಿನಂಥ ವಾದ್ಯ ಬಾರಿಸ್ತಾ, ಒಬ್ಬ ಎತ್ತಿಕೊಡೋದು, ಉಳಿದವರು ಹಿಂದೆ ಹೇಳೋದು. ಊರಿನ ಸುದ್ದಿಯನ್ನೇ ಹಾಡು ಕಟ್ಟಿ ಹಾಡ್ತಿದ್ರು. ನನಗೆ ತಕ್ಷಣ ನೆನಪಾಗಿದ್ದು ನಮ್ಮ ಗೀಗೀ ಪದ. ದಪ್ಪು, ತುಂತುಣಿ, ಹಿಂಬಾಲಿಸಿ ದನಿ ಕೊಡೋರು. ಎಲ್ಲಾ ಅದೇ. ಆ ಪ್ಲೇನಾ ತಂಡದ ಹೆಸರು ಲೋಸ್ ಪ್ಲೆನೆರೋಸ್ ದೆ ಲಾ ಕ್ರೆಸ್ತಾ. ಅವರನ್ನ ‘ಮತ್ತು ಸಂಗಡಿಗರು’ ಅಂತ ಬರೀಲಿಲ್ಲ. ಹಾಡಿನ ಪಕ್ಕದಲ್ಲೇ ತಂಡದ ಹೆಸರಿದೆ, ನಿಮ್ಮ ಫೋನಿನಲ್ಲೇ ನೋಡಬಹುದು. ಪೋರ್ಟೊ ರಿಕೊ ಜನಸಂಖ್ಯೆ ಸುಮಾರು 32 ಲಕ್ಷ. ನಮ್ಮ ವಿಜಯಪುರ ಜಿಲ್ಲೆ 2011ರ ಜನಗಣತಿಯಲ್ಲೇ 21 ಲಕ್ಷ ದಾಟಿತ್ತು. ಅಂದ್ರೆ ಅದೇನು ನಮಗಿಂತ ಭಾರಿ ದೊಡ್ಡ ನಾಡಲ್ಲ.

ಈಗ ನಮ್ಮ ಕಡೆ ಬರೋಣ. ಕನ್ನಡದವರಿಗೆ ಇಂಥ ಗೌರವ ಸಿಕ್ಕೇ ಇಲ್ವಾ ಅಂದ್ರೆ, ಸಿಕ್ಕಿದೆ. ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು, ಅದರಲ್ಲಿ ಶಿಶುನಾಳ ಶರೀಫರ ಪದಗಳಿದ್ವು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಅವರ ತಂಡಕ್ಕೆ ‘ಉತ್ತಮ ಹೊಸಬರು’ ಪ್ರಶಸ್ತಿ ಕೊಟ್ಟಿತು. ಶರೀಫಜ್ಜನ ಪದ ಲಂಡನ್ನಿಗೆ ಹೋಗಿ ಬಂತು ಅಂತ ಆಗ ನಾವು ಹೈಸ್ಕೂಲ್ ಹುಡುಗ್ಯಾರು ಹಿಗ್ಗಿದ್ದೇ ಹಿಗ್ಗಿದ್ದು. ಬೆಂಗಳೂರಿನ ರಿಕಿ ಕೇಜ್ 2015ರಲ್ಲಿ ‘ವಿಂಡ್ಸ್ ಆಫ್ ಸಂಸಾರ’ ಆಲ್ಬಮ್‌ಗೆ, 2022ರಲ್ಲಿ ‘ಡಿವೈನ್ ಟೈಡ್ಸ್’ಗೆ ಗ್ರ್ಯಾಮಿ ತಂದ್ರು. 2023ರಲ್ಲಿ ಅದೇ ‘ಡಿವೈನ್ ಟೈಡ್ಸ್’ಗೆ ಮತ್ತೊಂದು ಗ್ರ್ಯಾಮಿ ಬಂತು, ಈ ಸಲ ಧ್ವನಿ ಜೋಡಣೆಯ ವಿಭಾಗದಲ್ಲಿ. ಅಲ್ಲಿ ವಿಜೇತರ ಪಟ್ಟಿಯಲ್ಲಿ ರಿಕಿ ಕೇಜ್, ಸ್ಟೂವರ್ಟ್ ಕೋಪ್‌ಲ್ಯಾಂಡ್ ಜೊತೆಗೆ ಮಿಕ್ಸಿಂಗ್ ಮಾಡಿದ ಎರಿಕ್ ಶಿಲಿಂಗ್, ನಿರ್ಮಾಣದಲ್ಲಿದ್ದ ಹರ್ಬರ್ಟ್ ವಾಲ್ಟ್ಲ್ ಹೆಸರೂ ಇದೆ.

ಗಮನಿಸ್ರಿ, ಇದೇ ಇವತ್ತಿನ ಮುಖ್ಯ ಮಾತು. ನಮ್ಮ ಸರ್ಕಾರದ ಸಂತ ಶಿಶುನಾಳ ಶರೀಫ ಪ್ರಶಸ್ತಿ ಇರಲಿ, ಜಾನಪದಶ್ರೀ ಇರಲಿ, ಕೊಡೋದು ಒಬ್ಬ ವ್ಯಕ್ತಿಗೆ. ಅದೂ ಬಹಳ ಸಲ ವಯಸ್ಸಾದ ಮೇಲೆ, ಜೀವಮಾನದ ಲೆಕ್ಕದಲ್ಲಿ. ಅದು ಬೇಕು, ತಪ್ಪಲ್ಲ. ಆದ್ರೆ ಆಲ್ಬಮ್‌ಗೆ ಕೊಡೋ ಪ್ರಶಸ್ತಿಯ ರೀತಿಯೇ ಬೇರೆ. ಆಲ್ಬಮ್ ಅಂದ ಕೂಡ್ಲೆ ಅದನ್ನ ಯಾರ್ಯಾರು ಸೇರಿ ಮಾಡಿದ್ರು ಅಂತ ಪಟ್ಟಿ ಬರೀಬೇಕಾಗುತ್ತೆ. ಪಟ್ಟಿ ಇಲ್ಲ ಅಂದ್ರೆ ಪ್ರಶಸ್ತಿ ಯಾರ ಕೈಗೆ ಕೊಡ್ತೀರಿ?

ನಾನು ಓದಿದ್ದು ಬಿ.ಕಾಂ. ಮೊದಲ ವರ್ಷ ಬಾಯಿಪಾಠ ಮಾಡಿಸಿದ ಒಂದು ನಿಯಮ ಇನ್ನೂ ಮರೆತಿಲ್ಲ: ತಗೊಂಡವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ಹಾಡಿನ ಲೋಕದಲ್ಲೂ ಹೆಸರು ಹಾಕೋದಕ್ಕೆ ಕ್ರೆಡಿಟ್ ಅಂತಾನೇ ಅಂತಾರೆ. ಯಾರು ಕೊಟ್ಟರು ಅಂತ ಬರೀದೇ ಇದ್ದ ಖಾತೆ ಯಾವತ್ತೂ ಟ್ಯಾಲಿ ಆಗಲ್ಲ.

ಈಗ ಮಾಮಾನ ಕ್ಯಾಸೆಟ್.

ನಮ್ಮ ಸೋದರಮಾವ ಭಜನಿ ಮೇಳದಲ್ಲಿ ಹಾರ್ಮೋನಿಯಂ ನುಡಸ್ತಾರೆ, ಹಿಂದೆ ದನಿನೂ ಕೊಡ್ತಾರೆ. 1997ರಲ್ಲಿ ಒಂದು ಕ್ಯಾಸೆಟ್ ಕಂಪನಿಯವರು ಇವರ ಮೇಳವನ್ನ ಹುಬ್ಬಳ್ಳಿಗೆ ಕರೆಸಿ ಎಂಟು ತತ್ವಪದ ರೆಕಾರ್ಡ್ ಮಾಡಿಸಿದ್ರು. ಒಂದೇ ದಿನ, ಒಂದೇ ಕೋಣೆ, ತಲಾ ಮುನ್ನೂರು ರೂಪಾಯಿ, ಮೇಲೆ ಬಸ್ ಚಾರ್ಜು. ಕವರ್ ಮೇಲೆ ಮುಖ್ಯ ಗಾಯಕರ ಹೆಸರು ದಪ್ಪ ಅಕ್ಷರದಲ್ಲಿ, ಅದರ ಕೆಳಗೆ ಸಣ್ಣದಾಗಿ ‘ಮತ್ತು ಸಂಗಡಿಗರು’. ನಮ್ಮ ಮಾಮಾ ಅಂದ್ರೆ ಆ ‘ಸಂಗಡಿಗರು’ ಅನ್ನೋ ಪದದ ಐದನೇ ಒಂದು ಭಾಗ.

ಎರಡು ವರ್ಷದ ಹಿಂದೆ ಚಾದಂಗಡಿಯಲ್ಲಿ ಕೂತಿದ್ವಿ. ಯಾರೋ ಹುಡುಗ ಫೋನಿನಲ್ಲಿ ಅದೇ ಪದ ಹಚ್ಚಿದ. ಮಾಮಾ ಏನೂ ಅನ್ನಲಿಲ್ಲ, ಬೆರಳು ಮಾತ್ರ ಮೇಜಿನ ಮೇಲೆ ಹಾರ್ಮೋನಿಯಂ ಮನೆ ಹಿಡಿದ್ವು. ನಾನು ಎದ್ದು ಹೋಗಿ ಆ ಹುಡುಗನ ಫೋನ್ ನೋಡಿದೆ. ನಾಲ್ಕು ಲಕ್ಷ ವ್ಯೂಸ್. ಹೆಸರಿನ ಜಾಗದಲ್ಲಿ ‘ಭಕ್ತಿಗೀತೆ ಹಳೇದು ಸೂಪರ್’. ಈಗ ಮುಖ್ಯ ಗಾಯಕರ ಹೆಸರೂ ಇರಲಿಲ್ಲ. ಕ್ಯಾಸೆಟ್‌ನಿಂದ ಫೋನಿಗೆ ಬರೋದರೊಳಗೆ ಉಳಿದ ಒಂದು ಹೆಸರೂ ಅಳಿಸಿ ಹೋಗಿತ್ತು.

ನಾನು ಆ ಚಾನೆಲ್‌ಗೆ ಮೂರು ಸಲ ಬರೆದೆ, ಉತ್ತರ ಇಲ್ಲ. ಕಾಮೆಂಟ್ ಹಾಕಿದ್ರೆ ಯಾರೋ ‘ಪ್ರೂಫ್ ಎಲ್ಲಿ’ ಅಂತ ಕೇಳಿದ್ರು. ಸಿಟ್ಟು ಬಂತು, ಆದ್ರೆ ಪ್ರಶ್ನೆ ಸರಿ ಇತ್ತು. ಒಂದು ಕಾಗದ ಇಲ್ಲ, ರಸೀದಿ ಇಲ್ಲ, ಫೋಟೊ ಇಲ್ಲ. ಇನ್ನೂ ಹೆಚ್ಚು ಫೋಟೊ ತೆಗೀಬೇಕಿತ್ತು ಅಂತ ಆ ಪೋರ್ಟೊ ರಿಕೊ ಹುಡುಗ ಹಾಡ್ತಾನೆ. ನಮ್ಮೋರದ್ದು ಒಂದೂ ಇಲ್ಲ.

ಕಾನೂನು ಏನು ಹೇಳುತ್ತೆ ಅಂತ ಕೇಳೋರಿಗೆ ಹೇಳ್ತೀನಿ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯಿಂದ ಹಾಡೋರಿಗೆ, ನುಡಿಸೋರಿಗೆ ತಮ್ಮದೇ ಹಕ್ಕು ಬಂತು. 2012ರ ತಿದ್ದುಪಡಿಯಲ್ಲಿ 38ಬಿ ಅನ್ನೋ ಕಲಂ ಸೇರಿಸಿದ್ರು. ನನ್ನ ಹಾಡಿಕೆ, ನನ್ನ ನುಡಿಸಾಣಿಕೆ ಇದು, ಹಾಗಂತ ಗುರುತಿಸ್ರಿ ಅಂತ ಕೇಳೋ ಹಕ್ಕು ಅದು. ದುಡ್ಡಿನ ಹಕ್ಕು ಬರೆದುಕೊಟ್ಟಿದ್ರೂ ಹೆಸರಿನ ಹಕ್ಕು ಉಳಿಯುತ್ತೆ. ಹಕ್ಕೇನೋ ಇದೆ. ಆದ್ರೆ ಕೇಳಬೇಕಾದವರು ಬಾಯಿ ಬಿಡಬೇಕಲ್ಲ?

ಮಾಮಾಗೆ ಇದನ್ನೆಲ್ಲಾ ವಿವರಿಸಿ ಹೇಳಿದೆ. ಅವರು ನಕ್ಕು ಬಿಟ್ರು. “ಹುಚ್ಚವ್ವಾ, ನಾವೇನು ಹೆಸರಿಗೆ ಹಾಡಿವೇನ? ದೇವರ ಪದ ಅವು.” ನಾನೂ ಬಿಡಲಿಲ್ಲ. “ಮಾಮಾ, ಹಂಗಾದ್ರ ಶರೀಫಜ್ಜ ಪದದ ಕಡೀಕ ಶಿಶುನಾಳಧೀಶ ಅಂತ ಯಾಕ ಇಟ್ಟ? ಬಸವಣ್ಣ ಕೂಡಲಸಂಗಮದೇವ ಅಂತ ಯಾಕ ಇಟ್ಟ? ಅದು ದೇವರ ಹೆಸರೇ, ಒಪ್ಪಿಗೊಂಡೆ. ಆದ್ರ ಕೇಳಿದ ಕೂಡ್ಲೆ ಇದು ಇಂಥವರದು ಅಂತ ತಿಳೀತದ ಹೌದಲ್ಲೋ?”

ಮಾಮಾ ಬಹಳ ಹೊತ್ತು ಸುಮ್ಮನಿದ್ರು. ಎಲಿ ಅಡಿಕಿ ಚೀಲ ತೆಗೆದ್ರು, ಮತ್ತೆ ಮುಚ್ಚಿಟ್ರು. ಆಮೇಲೆ ಒಂದು ಮಾತು ಅಂದ್ರು: “ಬರದವರಿಗೆ ಅಂಕಿತ ಐತಿ. ಹಾಡಿದವರಿಗೆ ಏನೈತಿ?”

ನನ್ನ ವಾದಕ್ಕೆ ನಾನು ಹುಡುಕ್ತಿದ್ದ ಮಾತು ಅದು. ಹೇಳಿದ್ದು ಮಾತ್ರ ಅವರು.

ಅವತ್ತು ರಾತ್ರಿ ಪಟ್ಟಿ ಬರೆಯೋಕೆ ಕೂತ್ವಿ. ಮುಖ್ಯ ಗಾಯಕರು, ಈಗಿಲ್ಲ. ಹಾರ್ಮೋನಿಯಂ, ಮಾಮಾ. ತಬಲಾ, ಅವರೂ ತೀರಿಕೊಂಡ್ರು. ಹಿಂದೆ ದನಿ ಕೊಟ್ಟ ಇಬ್ಬರು, ಒಬ್ಬರು ಊರಲ್ಲೇ ಇದ್ದಾರೆ, ಇನ್ನೊಬ್ಬರು ಮಗನ ಜೊತೆ ಪುಣೆಯಲ್ಲಿ. ಆರನೇದು ತಾಳ. ಅಲ್ಲಿ ಪೆನ್ನು ನಿಂತು ಬಿಟ್ಟಿತು. ಮೇಳದ ಖಾಯಂ ತಾಳದವರಿಗೆ ಅವತ್ತು ಜ್ವರ ಬಂದಿತ್ತಂತೆ. ಬದಲಿಗೆ ನಾರಾಯಣಪುರ ಕಡೆಯಿಂದ ಒಬ್ಬ ಹುಡುಗ ಬಸ್ಸಿಗೆ ಬಂದು ಕೂಡಿಕೊಂಡಿದ್ದ. ಇಪ್ಪತ್ತರ ಆಸುಪಾಸು ವಯಸ್ಸು, ಬಹಳ ಚಂದ ತಾಳ ಹಾಕಿದ, ವಾಪಸ್ ಬರೋವಾಗ ಬಸ್ಸಿನಲ್ಲಿ ಎಲ್ಲರಿಗೂ ಶೇಂಗಾ ಕೊಡಿಸಿದ. ಇಷ್ಟೂ ಮಾಮಾಗೆ ನೆನಪಿದೆ. ಹೆಸರು ಮಾತ್ರ ನೆನಪಿಲ್ಲ.

“ಐದು ಹೆಸರು ಸಾಕಲ್ಲ ಮಾಮಾ, ಹಾಕಿ ಬಿಡೋಣ” ಅಂದೆ. ನಾನು ಅವರ ಮೇಳದಿಂದ ಒಂದು ಪದ ಹೊಸದಾಗಿ ರೆಕಾರ್ಡ್ ಮಾಡಿದ್ದೆ, ಹಳೆ ಕ್ಯಾಸೆಟ್ ಕತೆ ಜೊತೆ ಅದನ್ನ ಈ ಸಂಚಿಕೆಯಲ್ಲಿ ಹಾಕಬೇಕು ಅಂತ ಇತ್ತು. ಮಾಮಾ ಒಪ್ಪಲಿಲ್ಲ. “ಆರೂ ಮಂದಿ ಹಾಡೀವಿ. ಐದು ಹೆಸರು ಹಾಕಿ ಅವನನ್ನ ಬಿಟ್ರ, ನಮಗ ಅವರು ಮಾಡಿದ್ದನ್ನ ಅವನಿಗೆ ನಾವು ಮಾಡಿದಂಗ ಆತು.”

ಅದಕ್ಕೇ ನೋಡ್ರಿ, ಇಷ್ಟೊತ್ತು ಹೆಸರು ಹೆಸರು ಅಂತ ಮಾತಾಡಿದ ನಾನು, ನಮ್ಮ ಮಾಮಾನ ಹೆಸರು ಕೂಡ ಹೇಳಿಲ್ಲ. ಹೇಳೋ ಹಂಗಿಲ್ಲ. ಆರನೇ ಹೆಸರು ಸಿಗಬೇಕು, ಆಮೇಲೆ ಎಲ್ಲವೂ ಒಟ್ಟಿಗೆ.

ಕೇಳುಗರ ಹತ್ತಿರ ಎರಡು ಮಾತು. ನಿಮ್ಮ ಮನೆಯಲ್ಲಿ ಹಾಡೋರು, ನುಡಿಸೋರು ಇದ್ರೆ, ಈ ವಾರವೇ ಕೂತು ಯಾವ ಹಾಡು, ಯಾವ ವರ್ಷ, ಯಾರ್ಯಾರು ಇದ್ರು ಅಂತ ಅವರ ಬಾಯಿಂದಲೇ ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ರಿ. ನೀವೇ ಜಾತ್ರೆ ಭಜನೆ ವಿಡಿಯೊ ಅಪ್‌ಲೋಡ್ ಮಾಡೋರಾದ್ರೆ, ‘ಸೂಪರ್’ ಅಂತ ಬರೆಯೋ ಜಾಗದಲ್ಲಿ ತಾಳದವರ ಹೆಸರು ಕೇಳಿ ಬರೀರಿ. ಎರಡು ನಿಮಿಷದ ಕೆಲಸ. ಕನ್ನಡ ಆಲ್ಬಮ್‌ಗಳಿಗೆ ದೊಡ್ಡದೊಂದು ಪ್ರಶಸ್ತಿ ಬರಲಿ ಅಂತ ನನಗೂ ಆಸೆ ಇದೆ. ಆದ್ರೆ ಬಂದ ದಿನ ನಮ್ಮ ಹತ್ತಿರ ಪಟ್ಟಿ ಇರಬೇಕಲ್ರೀ.

ಕಡೇ ಮಾತು. ನಾರಾಯಣಪುರ, ಕೊಡೇಕಲ್, ಹುಣಸಗಿ ಕಡೆ ಕೇಳ್ತಿರೋರೇ, 1997ರಲ್ಲಿ ಒಂದು ದಿನ ಹುಬ್ಬಳ್ಳಿಗೆ ಹೋಗಿ ತಾಳ ಹಾಕಿ ಬಂದೆ ಅಂತ ನಿಮ್ಮ ಅಪ್ಪನೋ ಕಾಕಾನೋ ಯಾವಾಗಾದ್ರೂ ಹೇಳಿದ್ರಾ? ಹೇಳಿದ್ರೆ ನನಗೊಂದು ಮೆಸೇಜ್ ಹಾಕ್ರಿ. ಶೇಂಗಾ ಕೊಡಿಸಿದ್ದು ನೆನಪಿದೆಯಾ ಅಂತ ಅವರನ್ನ ಕೇಳ್ರಿ ಸಾಕು, ಅದೇ ಪ್ರೂಫ್.

ಮುಂದಿನ ವಾರ ಸಿಗೋಣ. ಬರ್ತೀನ್ರೀ.