ಹೊಸ ಶಿಕ್ಷಕರ ಸಿದ್ಧತೆ



ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಕನ್ನಡ ಶಿಕ್ಷಕರನ್ನು ಸಿದ್ಧಗೊಳಿಸಿದರು. ಆ ಪ್ರಾಂತದಲ್ಲಿ ಕನ್ನಡ ಶಾಲೆಗಳು ನೆಲೆನಿಂತದ್ದು ಅಂಥ ಶಿಕ್ಷಕರ ಬಲದಿಂದ.

2009ರ ಶಿಕ್ಷಣ ಹಕ್ಕು ಕಾಯಿದೆಯ ತರುವಾಯ ತರಬೇತಿಯ ಜೊತೆಗೆ ಅರ್ಹತಾ ಪರೀಕ್ಷೆಯೂ ಬಂದಿದೆ. ಒಳ್ಳೆಯದೇ. ಆದರೆ ಗಡಿಯ ಮಗುವಿನ ನುಡಿಯನ್ನು ಆಲಿಸುವ ಕಿವಿಯನ್ನು ಯಾವ ಪರೀಕ್ಷೆ ಅಳೆದೀತು? ‘ಸಾಲಿಗಿ ಬಂದೀನ್ರಿ’ ಎಂದ ಮಗುವನ್ನು ಮೊದಲ ದಿನವೇ ‘ಶಾಲೆಗೆ ಬಂದಿದ್ದೇನೆ ಎನ್ನು’ ಎಂದು ಗದರಿದರೆ, ಅದು ಮರುದಿನ ಬಾಯಿ ತೆರೆಯದು. ನಮ್ಮ ಸುಳಕೂಡದ ಮಕ್ಕಳಿಗೆ ಮರಾಠಿ ಶಾಲೆಯ ಬಾಗಿಲು ದೂರವಿಲ್ಲ.

ಮನೆಯ ಮಾತಿನಿಂದ ಗ್ರಂಥದ ಮಾತಿಗೆ ಕೈಹಿಡಿದು ನಡೆಸುವ ಬಗೆಯನ್ನು ಹೊಸ ಶಿಕ್ಷಕರು ನುರಿತವರ ವರ್ಗದಲ್ಲಿ ಹಿಂದೆ ಕುಳಿತೇ ಕಲಿಯಬೇಕು. ಪಾಲಕರೇ, ಒಂದು ತಿಂಗಳಾದರೂ ಹಾಗೆ ಕುಳ್ಳಿರಿಸುವಂತೆ ಮುಖ್ಯಾಧ್ಯಾಪಕರನ್ನು ಕೇಳಿರಿ. ಖಡು ಕೈಗೆ ಬರುವುದು ಆಮೇಲಾಗಲಿ.